ಜೋಡಿ ಸೀನು ಮತ್ತು ಕೊನೆಯ ಸಿಡಿ

ಬಿಸಾಡಬೇಕಾದ ಸಾಮಾನನ್ನು ಬಿಸಾಡದೆ ಇಟ್ಟುಕೊಳ್ಳುವವರಲ್ಲಿ ಎರಡು ಬಗೆ. ಒಬ್ಬರು ಜಿಪುಣರು, ಇನ್ನೊಬ್ಬರು ಆಶಾವಾದಿಗಳು. ನಾನು ಎರಡನೆಯವನು ಎಂದು ನಾನು ಹೇಳುತ್ತೇನೆ, ಮೊದಲನೆಯವನು ಎಂದು ನನ್ನ ಹೆಂಡತಿ ಸುಮಂಗಲಾ ಹೇಳುತ್ತಾಳೆ. ಕೊಡೆ ಹೋಗಿ ಉಳಿದ ಹಿಡಿಕೆ, ಕೀಲಿ ಕಳೆದ ಬೀಗ, ಬೀಗ ಕಳೆದ ಕೀಲಿ ಇವೆಲ್ಲ ಒಂದಲ್ಲ ಒಂದು ದಿನ ಬೇಕಾಗುತ್ತವೆ ಎಂದು ನಾನು ನಂಬಿದವನು. ಮೊನ್ನೆಯವರೆಗೆ ಆ ದಿನ ಬಂದಿರಲಿಲ್ಲ, ಅದು ಬೇರೆ ಮಾತು. ಈ ಸಂಸಾರದ ಹಿರಿಯ ನನ್ನ ಲ್ಯಾಪ್‌ಟಾಪ್. ಬ್ಯಾಡಗಿಯಲ್ಲಿ ನನ್ನದೊಂದು ಮೆಣಸಿನಕಾಯಿ ದಲಾಲಿ ಅಂಗಡಿ. ಅದರ ಗಾದಿಯ ಮೇಲೆ ಕೂತು ಆ ಲ್ಯಾಪ್‌ಟಾಪ್ ಎಷ್ಟೋ ಸುಗ್ಗಿ ಕಂಡಿದೆ, ಅಷ್ಟೂ ಸುಗ್ಗಿಯ ಧೂಳು ಕುಡಿದಿದೆ. ಎತ್ತಿದರೆ ರುಬ್ಬುವ ಕಲ್ಲು ಎತ್ತಿದ ಹಾಗಾಗುತ್ತದೆ. ಆದರೆ ಅದರ ಬಗಲಿಗೆ ಸಿಡಿ ಹಾಕುವ ಟ್ರೇ ಇದೆ, ಸಿಡಿ ಬರೆಯುವ ಶಕ್ತಿಯೂ ಇದೆ. ಈಗಿನ ತೆಳ್ಳನೆಯ ಲ್ಯಾಪ್‌ಟಾಪ್‌ಗಳಿಗೆ ಆ ಭಾಗ್ಯವಿಲ್ಲ. "ಅದನ್ನ ಗುಜರಿಯವಗ ಕೊಡ್ರಿ, ಬದಲಿಗೆ ಒಂದು ಬುಟ್ಟಿನರ ಬರತೈತಿ" ಎಂದು ಸುಮಂಗಲಾ ಹೇಳಿದಾಗಲೆಲ್ಲ ನಾನು ಕಿವುಡನಾಗುತ್ತಿದ್ದೆ.

ಮೊನ್ನೆ ಸುಗ್ಗಿಯಲ್ಲಿ ಅದು ಬೇಕಾಗುವ ದಿನ ಬಂದೇ ಬಿಟ್ಟಿತು. ನಮ್ಮವ್ವನ ತಂಗಿ, ನನ್ನ ಚಿಗವ್ವ ಶಾಂತವ್ವ, ಫೋನು ಹಿಡಿದುಕೊಂಡು ಅಂಗಡಿಗೆ ಬಂದಳು. ಅವಳು ನಮ್ಮ ಓಣಿಯ ಹೆಣ್ಣುಮಕ್ಕಳ ಭಜನಿ ಮೇಳದ ಯಜಮಾನಿ. ಹಾವೇರಿಯ ಒಂದು ಕಚೇರಿಯವರು ಉತ್ಸವಕ್ಕೆ ಮೇಳಗಳನ್ನು ಆರಿಸುತ್ತಿದ್ದರಂತೆ. ಒಂದು ಹಾಡನ್ನು ಸಿಡಿಯಲ್ಲಿಯೇ ತಂದುಕೊಡಬೇಕಂತೆ, ಫೋನಿನಲ್ಲಿ ಕಳಿಸಿದರೆ ನಡೆಯದಂತೆ, ನಾಳೆಯೇ ಕೊನೆಯ ದಿನವಂತೆ. ಹಾಡು ಫೋನಿನಲ್ಲಿತ್ತು. ಊರೆಲ್ಲ ಹುಡುಕಿದರೂ ಸಿಡಿ ಬರೆಯುವವರು ಸಿಕ್ಕಿರಲಿಲ್ಲ.

"ಚಿಗವ್ವ, ಉತ್ಸವಕ್ಕ ಹಾಡಲಾರದಿದ್ರ ಏನಾಗತೈತಿ? ದಿನಾ ಎಲ್ಲಾರ ಒಂದ್ ಕಡೆ ಹಾಡತೀರಿ" ಎಂದೆ.

ಅವಳು ಸೆರಗಿನಿಂದ ಕುರ್ಚಿಯ ಧೂಳು ಝಾಡಿಸಿ ಕೂತಳು. "ಎಲ್ಲಿ ಹಾಡತೇವೋ ತಮ್ಮಾ? ಹೆಚ್ಚಾಗಿ ಸತ್ತವರ ಮನ್ಯಾಗ. ಬೆಳತನಕ ಗಂಟಲಾ ಹರಕೋತೇವಿ. ಮುಂದ ಕುಂತಾಂವ ಒಬ್ಬನೂ ಇಲ್ಲೀತನಕ ಚಪ್ಪಾಳಿ ಹೊಡದಿಲ್ಲ. ಒಮ್ಮೆ, ಒಂದ ಒಮ್ಮೆ, ಮೈಕಿನ ಮುಂದ ಕುಂತು ಜೀವಂತ ಇದ್ದವರಿಗೆ ಹಾಡಬೇಕು."

ನಾನು ನಗಲು ಹೋದೆ. ಅವಳ ಮುಖ ನೋಡಿ ನಗದೆ ಫೋನು ತೆಗೆದುಕೊಂಡೆ. ಆಡಿದ್ದು ತಮಾಷೆಯ ಮಾತು, ಆದರೆ ಆಸೆ ತಮಾಷೆಯದಾಗಿರಲಿಲ್ಲ.

ಲ್ಯಾಪ್‌ಟಾಪ್ ಇತ್ತು, ಖಾಲಿ ಸಿಡಿ ಇರಲಿಲ್ಲ. ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋಗಿ ಫೋಟೋ ಸ್ಟುಡಿಯೋಗಳಿಗೆ ಎಡತಾಕಿದೆ. ಒಬ್ಬರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಕ್ಯಾಸೆಟ್ಟೂ ಬೇಕೇನ್ರಿ?" ಎಂದು ಕೇಳಿದರು. ಕೊನೆಗೆ ಸ್ಟೇಶನ್ ರಸ್ತೆಯ ಒಬ್ಬ ಸ್ಟುಡಿಯೋದವನು ಅಟ್ಟದಿಂದ ಒಂದು ಡಬ್ಬಿ ಇಳಿಸಿದ. ಅವನ ಸಿಡಿ ಬರೆಯುವ ಯಂತ್ರ ಎಂದೋ ಗುಜರಿಗೆ ಹೋಗಿತ್ತು, ತಳದಲ್ಲಿ ಮೂರು ಖಾಲಿ ಸಿಡಿ ಮಾತ್ರ ಉಳಿದಿದ್ದವು. "ಖರೇ ಹೇಳಬೇಕಂದ್ರ, ಇವು ನಡೀತಾವೋ ಇಲ್ಲೋ ದೇವರಿಗೇ ಗೊತ್ರಿ" ಎಂದ. ದೇವರ ಹಾಡು ಬರೆಯಲಿಕ್ಕೆ ಅಷ್ಟು ಭರವಸೆ ಸಾಕು ಎಂದುಕೊಂಡು ತಂದೆ.

ಸಂಜೆ ಅಂಗಡಿಯಲ್ಲಿ ಕೆಲಸ ಶುರುವಾಯಿತು. ಚಿಗವ್ವ ಮೇಳ ಸಮೇತ ಬಂದು ಚೀಲಗಳ ಮೇಲೆ ಕೂತಳು. ಸುಮಂಗಲಾ ಚಹಾದ ಕೆಟಲಿ ತಂದಳು, ಚಹಾಕ್ಕಿಂತ ಹೆಚ್ಚಾಗಿ ನನ್ನ ಫಜೀತಿ ನೋಡಲು. ಹಾಡನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಮೊದಲ ಸಿಡಿ ಹಾಕಿದೆ. ಡ್ರೈವು ಗುರ್ ಅಂತು, ಕಟಕಟ ಅಂತು, ಸುಮ್ಮನಾಯಿತು. ಪರದೆಯ ಮೇಲೆ 'ದಯವಿಟ್ಟು ಖಾಲಿ ಡಿಸ್ಕ್ ಹಾಕಿ' ಎಂದು ಬಂತು. ಹಾಕಿದ್ದೇನೆ ಮಹಾರಾಯ! ತೆಗೆದು ಹಾಕಿದೆ, ತಿರುಗಿಸಿ ಹಾಕಿದೆ, ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದೆ. ಮತ್ತೆ ಅದೇ ವಿನಂತಿ. ಆಗ ತಲೆಗೆ ಹೊಳೆಯಿತು: ಟ್ರೇಯಲ್ಲಿರುವ ಸಣ್ಣ ಗಾಜಿನ ಕಣ್ಣಿಗೆ ಧೂಳು ಕೂತಿರಬೇಕು. ಕೂಡಲೇ ಬಗ್ಗಿ ಬಾಯಿಂದ ಜೋರಾಗಿ ಊದಿದೆ. ಅದು ಸಾದಾ ಧೂಳಲ್ಲ, ಬ್ಯಾಡಗಿ ಮೆಣಸಿನಕಾಯಿಯ ಧೂಳು ಎಂಬುದು ಊದಿದ ಮೇಲೆ ನೆನಪಾಯಿತು. ಅಷ್ಟೂ ನನ್ನ ಕಣ್ಣಿಗೇ ವಾಪಸು ಬಂತು.

"ಮೆಣಸಿನಕಾಯಿ ವ್ಯಾಪಾರ ಮಾಡಾವರಿಗೆ ಮೆಣಸಿನಕಾಯಿ ಗುರುತು ಸಿಗಲಿಲ್ಲೇನ್ರಿ?" ಎಂದು ಸುಮಂಗಲಾ ತಂಬಿಗೆ ನೀರು ಕೊಟ್ಟಳು.

ಕಣ್ಣು ತೊಳೆದುಕೊಂಡು, ಶುದ್ಧ ಹತ್ತಿಯಿಂದ ಆ ಗಾಜನ್ನು ಕೂಸಿನ ಮೂಗು ಒರೆಸಿದ ಹಾಗೆ ಮೆಲ್ಲಗೆ ಒರೆಸಿದೆ. ಡಿಸ್ಕ್ ಗುರುತು ಸಿಕ್ಕಿತು! ಬರೆಯಲು ಹಚ್ಚಿ, ಗೆದ್ದ ಹುರುಪಿನಲ್ಲಿ ಎಲ್ಲರ ಕೂಡ ಚಹಾ ಕುಡಿಯುತ್ತ ಹರಟೆಗೆ ಕೂತೆ. ತಿರುಗಿ ನೋಡಿದರೆ ಲ್ಯಾಪ್‌ಟಾಪ್ ನಿದ್ದೆ ಹೋಗಿತ್ತು. ಯಾರೂ ಮುಟ್ಟದಿದ್ದರೆ ಮಲಗಿಬಿಡುವ ಅಭ್ಯಾಸ ಅದಕ್ಕೆ, ಯಜಮಾನನಿಂದಲೇ ಬಂದಿರಬೇಕು. ಅರ್ಧ ಬರೆದ ಸಿಡಿ ಕೆಟ್ಟಿತು. ಮಲಗದ ಹಾಗೆ ಅದಕ್ಕೆ ಕಟ್ಟಪ್ಪಣೆ ಮಾಡಿ ಎರಡನೆಯದನ್ನು ಹಾಕಿದೆ.

ಇಲ್ಲಿ ನಮ್ಮ ಮನೆತನದ ಒಂದು ಪದ್ಧತಿಯನ್ನು ಹೇಳಬೇಕು. ಶುಭಕಾರ್ಯದ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಕೆಲಸ ನಿಲ್ಲಿಸಬೇಕು. ಅವರದೋ ಇನ್ನೊಬ್ಬರದೋ ಎರಡನೆಯ ಸೀನು ಬಂದು ಜೋಡಿಯಾದರೆ ಮುಂದುವರಿಯಬಹುದು. ಬ್ಯಾಡಗಿಯಲ್ಲಿದ್ದು ಸೀನಿಗೆ ಹೆದರುವುದೆಂದರೆ ಹೊಳೆಯಲ್ಲಿದ್ದು ನೀರಿಗೆ ಹೆದರಿದಂತೆ. ಅದಕ್ಕೇ ಚಿಗವ್ವ ದಿನದ ಸೀನುಗಳಿಗೆ ಮಾಫಿ ಕೊಟ್ಟಿದ್ದಾಳೆ, ಶುಭಕಾರ್ಯಕ್ಕೆ ಮಾತ್ರ ಇಲ್ಲ. ಕುಮಾರಪಟ್ಟಣಕ್ಕೆ ನನಗೆ ಹೆಣ್ಣು ನೋಡಲು ಹೊರಟ ದಿನ ಡ್ರೈವರ್ ಒಂದು ಸಲ ಸೀನಿದ. ಎರಡನೆಯ ಸೀನಿಗೆ ಕಾಯುತ್ತ ಇಡೀ ಬಳಗ ಟೆಂಪೋದಲ್ಲಿ ಬೆವೆತು, ಕೊನೆಗೆ ಚಿಗವ್ವ ಅವನ ಮೂಗಿಗೆ ನಶ್ಯ ಹಿಡಿದು ಜೋಡಿ ಮಾಡಿಸಿದಳು. ಅಲ್ಲಿ ಮುಟ್ಟುವಷ್ಟರಲ್ಲಿ ಉಪ್ಪಿಟ್ಟು ಕಲ್ಲಾಗಿತ್ತು. "ಆ ಡ್ರೈವರ್ ಎರಡನೇ ಸಲ ಸೀನಲಾರದಿದ್ರ ನಾ ಪಾರಾಗತಿದ್ದೆ" ಎಂದು ಸುಮಂಗಲಾ ಇವತ್ತಿಗೂ ಹೇಳುತ್ತಾಳೆ.

ಎರಡನೆಯ ಸಿಡಿ ಚೆನ್ನಾಗಿ ಓಡುತ್ತಿತ್ತು. ಇನ್ನೇನು ಮುಗಿಯಬೇಕು, ನನಗೆ ಸೀನು ಬಂತು. ಒಂದೇ ಒಂದು.

"ನಿಲ್ಲಸೋ!" ಎಂದು ಕೂಗಿದ ಚಿಗವ್ವ ನಾನು ತಡೆಯುವುದರೊಳಗೆ ಲ್ಯಾಪ್‌ಟಾಪಿನ ಮುಚ್ಚಳ ಟಪ್ಪೆಂದು ಮುಚ್ಚಿದಳು. ಗುರ್ ಎನ್ನುವುದು ನಿಂತಿತು. ಅದರ ಕೂಡ ಸಿಡಿಯ ಕಥೆಯೂ.

"ಚಿಗವ್ವ, ಬರೆಯೂದನ್ನ ನಡುವ ನಿಲ್ಲಿಸಿದ್ರ ಸಿಡಿ ಕೆಡತೈತಿ! ಅದಕ್ಕೇನು ಸೀನು ತಿಳೀತೈತಿ?" ಎಂದು ನಾನು ಸಿಡಿಮಿಡಿಗೊಂಡೆ. ಅಂದ ಮೇಲೆ ನಾಚಿಕೆಯಾಯಿತು. ಅವಳು ಕೆಟ್ಟ ಸಿಡಿಯನ್ನು ಮಡಿಲಲ್ಲಿಟ್ಟುಕೊಂಡು ಅದರಲ್ಲಿ ಮುಖ ನೋಡುತ್ತ ಕೂತಳು. "ಹೋಗಲಿ ಬಿಡೋ. ಸತ್ತವರ ಮನಿಗೋಳು ಅದಾವಲ್ಲ" ಎಂದಳು.

ಉಳಿದದ್ದು ಒಂದೇ ಸಿಡಿ. ಅಂಗಡಿ ಬಿಟ್ಟು ಲ್ಯಾಪ್‌ಟಾಪನ್ನು ಮನೆಯ ದೇವರ ಕೋಣೆಗೆ ಒಯ್ದೆ. ಭಕ್ತಿಯಿಂದಲ್ಲ, ಧೂಳಿಲ್ಲದ ಜಾಗ ಅದೊಂದೇ. ಗಾಜನ್ನು ಮತ್ತೊಮ್ಮೆ ಒರೆಸಿದೆ. ಬರೆಯುವ ವೇಗವನ್ನು ಎಲ್ಲಕ್ಕಿಂತ ಕಡಿಮೆಗೆ ಇಳಿಸಿದೆ. ಹಳೆಯ ಸಿಡಿಯನ್ನೂ ಹಳೆಯ ಡ್ರೈವನ್ನೂ ಓಡಿಸಬಾರದು, ನಡೆಸಬೇಕು. ನಾನು ಮೂಗಿಗೆ ಒದ್ದೆ ಟವೆಲು ಕಟ್ಟಿಕೊಂಡೆ. ಮೇಳದವರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಸಾಲಾಗಿ ಕೂತರು. ಗುಂಡಿ ಒತ್ತಿದೆ. ಪರದೆಯ ಮೇಲಿನ ಹಸಿರು ಪಟ್ಟಿ ಬಸುರಿ ನಡೆದ ಹಾಗೆ ಸಾವಕಾಶ ನಡೆಯಿತು. ಯಾರೂ ಸೀನಲಿಲ್ಲ, ಕೆಮ್ಮಲಿಲ್ಲ. ಕೊನೆಗೆ ಟ್ರೇ ತಾನೇ ಹೊರಗೆ ಬಂತು. ಮತ್ತೆ ಹಾಕಿ ಹಚ್ಚಿದರೆ ಚಿಗವ್ವನ ದನಿ ಕೋಣೆ ತುಂಬಿತು. "ಅಯ್ಯ, ನನ್ನ ದನಿ ಇಷ್ಟ ಚಂದ ಐತೇನ!" ಎಂದು ಅವಳು ಬಾಯಿಗೆ ಕೈ ಹಿಡಿದಳು.

ಮರುದಿನ ಚಿಗವ್ವ ಮತ್ತು ಮೇಳದವರ ಕೂಡ ಹಾವೇರಿಗೆ ಹೊರಟೆ. ಲ್ಯಾಪ್‌ಟಾಪನ್ನೂ ಹೊತ್ತುಕೊಂಡೆ. "ಅದ್ಯಾಕ್ರಿ, ಮೆರವಣಿಗಿ ಮಾಡಸ್ತೀರೇನು?" ಎಂದು ಸುಮಂಗಲಾ ನಕ್ಕಳು. ಕಚೇರಿಯ ಸಾಹೇಬರು ಒಳ್ಳೆಯವರು. "ಬರ್ರಿ ಅವ್ವಾರ, ಕುಂದ್ರಿ" ಎಂದರು. ಸಿಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಇದನ್ನ ಹಾಕಾಕ ನಮ್ಮ ಕಂಪ್ಯೂಟರಿನ್ಯಾಗ ಜಾಗಾನ ಇಲ್ಲಲ್ರಿ" ಎಂದರು.

"ಮತ್ತ ಸಿಡೀನ ಬೇಕಂತ ನೀವ ಹೇಳೀರಲ್ರಿ?" ಎಂದೆ.

"ಅದು ಹಳೇ ಸುತ್ತೋಲೆರಿ. ಪ್ರತಿ ವರ್ಷಾ ಅದನ್ನ ಕಳಸ್ತೇವಿ. ತಿದ್ದಾಕ ಯಾರಿಗೂ ಪುರಸತ್ತಿಲ್ಲ."

ನಾನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅವರ ಮೇಜಿನ ಮೇಲಿಟ್ಟೆ. ಮೇಜು ಕಿರ್ ಎಂದಿತು. ಜನ್ಮದಲ್ಲಿ ಮೊದಲ ಸಲ ನನ್ನ ಜಿಪುಣತನದ ಬಗ್ಗೆ ಅಭಿಮಾನಪಟ್ಟೆ. ಸಿಡಿ ಹಾಕಿ ಗುಂಡಿ ಒತ್ತಿದೆ. ತಾಳ ಶುರುವಾಗಬೇಕು, ಅಷ್ಟರಲ್ಲಿ ನನಗೆ ಬಂತು ಹಾಳಾದ ಸೀನು. ಒಂದೇ ಒಂದು. ಚಿಗವ್ವನ ಮುಖ ಬಿಳುಚಿತು. ಈ ಸಲ ಮುಚ್ಚಳಕ್ಕೆ ಕೈ ಹಾಕಲಿಲ್ಲ, ಕಣ್ಣು ಮುಚ್ಚಿ ಕೂತಳು. ಅಷ್ಟರಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ಅದರ ಫ್ಯಾನು ಭರ್ರೆಂದು ತಿರುಗಿ, ಎಷ್ಟೋ ಸುಗ್ಗಿಯ ಧೂಳನ್ನು ನೇರ ಸಾಹೇಬರ ಕಡೆ ಬಿಟ್ಟಿತು.

ಸಾಹೇಬರು ಸೀನಿದರು.

"ಜೋಡಿ ಆತು!" ಎಂದು ಚಿಗವ್ವ ಕೂತಲ್ಲೇ ಪುಟಿದಳು.

ಹಾಡು ಮುಗಿಯುವತನಕ ಸಾಹೇಬರು ಕೂತು ಕೇಳಿದರು. ಅವರ ಕಣ್ಣಿಂದ ಧಾರಾಕಾರ ನೀರು. ಕರವಸ್ತ್ರ ತೊಯ್ದು ಹೋಯಿತು. ಮುಗಿದ ಮೇಲೆ ಎದ್ದು ನಿಂತು ಎರಡೂ ಕೈಯಿಂದ ಚಪ್ಪಾಳೆ ಹೊಡೆದರು. "ಏನ್ ದನಿರಿ ಅವ್ವಾರ! ನಿಮ್ಮ ಮೇಳ ಬರಾಕಬೇಕು" ಎಂದರು. ಚಿಗವ್ವ ಮೇಳದವರ ಕಡೆ ತಿರುಗಿ, "ನೋಡಿದ್ರೇನ, ಸಾಹೇಬ್ರು ಅತ್ತುಬಿಟ್ರು" ಎಂದು ತಾನೂ ಅತ್ತಳು.

ಆ ಕಣ್ಣೀರು ಹಾಡಿನದೋ ಫ್ಯಾನಿನದೋ ಎಂದು ನಾನು ಯಾರಿಗೂ ಬಾಯಿ ಬಿಟ್ಟಿಲ್ಲ. ಚಪ್ಪಾಳೆಯಂತೂ ಹಾಡಿನದೇ, ಮೆಣಸಿನಕಾಯಿಗೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ. ಉತ್ಸವ ಬರುವ ತಿಂಗಳು. ಆ ಲ್ಯಾಪ್‌ಟಾಪ್ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಕೂಡಬೇಕೆಂದು ಚಿಗವ್ವ ನನಗೆ ತಾಕೀತು ಮಾಡಿದ್ದಾಳೆ. ಶಕುನ ಗಿಕುನ ನಾನು ನಂಬುವವನಲ್ಲ. ನಿನ್ನೆ ಸುಮಂಗಲಾ ಆ ಫ್ಯಾನು ಒರೆಸಲು ಬಟ್ಟೆ ಹಿಡಿದು ಬಂದಾಗ ಮಾತ್ರ, ಉತ್ಸವ ಮುಗಿಯುವತನಕ ಮುಟ್ಟಬೇಡ ಎಂದು ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಬಿಟ್ಟೆ. ಬೀಗ ಕಳೆದ ಆ ಕೀಲಿಗಳಲ್ಲೊಂದು, ಇಷ್ಟು ವರ್ಷಗಳ ಮೇಲೆ, ಈ ಕಪಾಟಿಗೇ ಹೊಂದಿತು.