ಪೇಂಟ್ ಡಬ್ಬಕ್ಕೆ ಬೆಣಚುಕಲ್ಲು

ಇನ್ನು ಮೇಲೆ ಗಂಭೀರವಾಗಿರಬೇಕು ಅಂತ ನಾನು ಗಟ್ಟಿ ಮನಸ್ಸು ಮಾಡಿದ ದಿನವೇ ನನ್ನ ಕೈಯಿಂದ ಏನಾದರೊಂದು ಆಗಿಬಿಡುತ್ತದೆ. ಹೂಕುಂಡದ ವಾರದಲ್ಲಂತೂ ಬಿಡುವೇ ಇರಲಿಲ್ಲ.

ನೋಟಿಸು

ಎಲೆಕ್ಟ್ರಾನಿಕ್ ಸಿಟಿ ಹಿಂಭಾಗದಲ್ಲಿ ನಮ್ಮ ಅಪಾರ್ಟ್‌ಮೆಂಟು. ಮೂರನೇ ಮಹಡಿಯ ಕಾರಿಡಾರಿನಲ್ಲಿ ನನ್ನ ಹೆಂಡತಿಯ ಹನ್ನೊಂದು ಕುಂಡಗಳಿವೆ. ಏಳೇ ಅನ್ನುತ್ತಾಳೆ ಅವಳು, ಆದರೆ ಬರೆಯುತ್ತಿರುವವನು ನಾನು. ಕುಂಡ ಅಂದರೆ ಖಾಲಿ ಪೇಂಟ್ ಡಬ್ಬ. ಒಳಗೆ ಕನಕಾಂಬರ, ದೊಡ್ಡಪತ್ರೆ, ಕರಿಬೇವು.

ಸೋಮವಾರ ಅಸೋಸಿಯೇಷನ್ ಕಾರ್ಯದರ್ಶಿ ಬಂದರು. "ಪೇಂಟ್ ಡಬ್ಬ ನೋಡಿದ್ರೆ ಬಿಲ್ಡಿಂಗ್ ಮರ್ಯಾದೆ ಏನಾಗುತ್ತೆ ಹೇಳಿ ಸಾರ್? ಭಾನುವಾರ ಹತ್ತು ಗಂಟೆಗೆ ಬರ್ತೀನಿ. ಚೆಂದ ಕಾಣದ ಕುಂಡ ಎಲ್ಲಾ ಎತ್ತಿಸಿಬಿಡ್ತೀನಿ."

ಹೆಂಡತಿ ಬಾಗಿಲಿಗೆ ಬಂದು, "ಒಂದೂ ಕದಲಲ್ಲ" ಅಂದಳು.

ಅವರು ಹೋದ ಮೇಲೆ ನಾನು ಕೇಳಿದೆ, "ಹೇಗೆ ಕದಲಲ್ಲ?"

"ಅದು ನಿಮ್ಮ ಕೆಲಸ ಕಣ್ರೀ. ಕಲ್ಲು ಅಂಟಿಸಿ ಚೆಂದ ಮಾಡಿ."

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನನ್ನನ್ನು ನಂಬಿ ಒಪ್ಪಿಸಿದ ಮೊದಲ ಕೆಲಸ ಇದು. ಎರಡನೆಯದು ಇನ್ನೂ ಬಂದಿಲ್ಲ.

ಹೊಲದಲ್ಲಿ

ಮಾರನೆಯ ದಿನ ರಜೆ ಹಾಕಿ ಸ್ಕೂಟರಿನಲ್ಲಿ ಆನೇಕಲ್ ಕಡೆ ಹೊರಟೆ. ರಸ್ತೆ ಪಕ್ಕದ ಹೊಲವೊಂದರಲ್ಲಿ ಬೆಣಚುಕಲ್ಲು ಬೆಳ್ಳಗೆ ಚೆಲ್ಲಿತ್ತು. ಚೀಲ ಬಿಚ್ಚಿ ಆಯತೊಡಗಿದೆ. ಹೊಲದ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಏನ್ ಸಾ, ಏನ್ ಉಡುಕ್ತಿದೀರಿ?"

ನನ್ನ ನಾಲಿಗೆ ಸುಮ್ಮನಿರುವುದಿಲ್ಲವಲ್ಲ. "ಇದಕ್ಕೆ ಫಾರಿನ್ನಲ್ಲಿ ಭಾರಿ ಬೇಡಿಕೆ ಅಜ್ಜಿ" ಅಂದುಬಿಟ್ಟೆ.

ಅಜ್ಜಿ ನನ್ನನ್ನು ಒಮ್ಮೆ, ಚೀಲವನ್ನು ಒಮ್ಮೆ ನೋಡಿದಳು. "ಔದಾ? ಅಂಗಾದ್ರೆ ಒಂದೂ ಬಿಡದಂಗೆ ಆಯ್ಕೊಂಡೋಗಿ. ಅರ್ಧಂಬರ್ಧ ತಗೊಂಡೋಗೋಕೆ ನಾ ಬಿಡಾಕಿಲ್ಲ."

ಅಜ್ಜಿ ಬದುವಿನ ಮೇಲೆ ಕೂತು ಬೆರಳು ತೋರಿಸಿದ ಕಡೆಗೆಲ್ಲ ನಾನು ಬಗ್ಗಿದೆ. ಮಧ್ಯಾಹ್ನದ ಹೊತ್ತಿಗೆ ಅವಳ ಹೊಲ ಉಳುಮೆಗೆ ಸಿದ್ಧವಾಗಿತ್ತು. ಒಂದು ಚೊಂಬು ಮಜ್ಜಿಗೆ ಕೊಟ್ಟು ಹೇಳಿದಳು: "ನಾಳೆ ಬತ್ತೀರಲ್ಲ ಸಾ? ನಮ್ ತಮ್ಮನ ಒಲಾನೂ ಐತೆ."

ಕಾರ್ಖಾನೆಯಲ್ಲಿ

ಕಲ್ಲಿಗೆಲ್ಲ ಕೆಂಪು ಮಣ್ಣು ಮೆತ್ತಿತ್ತು. ನಾನಿರುವ ಕಾರ್ಖಾನೆಯಲ್ಲಿ ಬ್ಯಾರೆಲ್ ಒಂದಿದೆ. ಸ್ಟೀಲ್ ಬಿಡಿಭಾಗಗಳನ್ನು ಹಾಕಿದರೆ ಗರಗರ ತಿರುಗಿ ಅಂಚಿನ ಒರಟು ತೆಗೆಯುತ್ತದೆ. ಊಟದ ಹೊತ್ತಿನಲ್ಲಿ ಅದಕ್ಕೆ ಕಲ್ಲು ಸುರಿದೆ. ಅರ್ಧ ಗಂಟೆಯಲ್ಲಿ ಎಲ್ಲಾ ಹಲ್ಲುಜ್ಜಿಕೊಂಡ ಹಾಗೆ ಬೆಳ್ಳಗಾದವು. ಟ್ರೇನಲ್ಲಿ ಹರವಿ ಕೈ ತೊಳೆದು ಬರುವಷ್ಟರಲ್ಲಿ ಅದರ ಮೇಲೆ ಕೆಂಪು ಚೀಟಿ!

ಹೊಸದಾಗಿ ಸೇರಿದ್ದ, ರಾಯಚೂರು ಕಡೆಯ ಕ್ವಾಲಿಟಿ ತಪಾಸಣೆಯ ಹುಡುಗಿ ಅಳತೆಯ ವರ್ನಿಯರ್ ಹಿಡಿದು ನಿಂತಿದ್ದಳು. "ಸರ್, ಈ ಲಾಟ್ ಪೂರಾ ರಿಜೆಕ್ಟ್ ರೀ. ಒಂದರ ಸೈಜ್ ಇನ್ನೊಂದಕ್ಕ ಕೂಡವಲ್ದು."

"ಅಮ್ಮಾ, ಅದು ಕಲ್ಲು."

"ಕಲ್ಲರ ಇರ್ಲಿ, ಕಬ್ಬಿಣರ ಇರ್ಲಿ. ಡ್ರಾಯಿಂಗ್ ಎಲ್ಲೈತ್ರಿ?"

ಬಿಡುವ ಆಸಾಮಿಯೇ ನಾನು? ಹಾಳೆ ತೆಗೆದು ಹೂಕುಂಡದ ಚಿತ್ರ ಬರೆದೆ, ಕೆಳಗೆ 'ಹೆಚ್ಚುಕಡಿಮೆ ನಡೆಯುತ್ತದೆ' ಅಂತ ಸೇರಿಸಿ ಸಹಿ ಹಾಕಿದೆ. ಅವಳು ಓದಿ, ತಲೆಯಾಡಿಸಿ, ಹಸಿರು ಚೀಟಿ ಅಂಟಿಸಿದಳು. ಆ ವಾರ ನನ್ನ ಕೈಯಿಂದ ಪಾಸಾದ ಮಾಲು ಅದೊಂದೇ.

ಭಾನುವಾರ ಹತ್ತು ಗಂಟೆ

ಪ್ಲಾಸ್ಟಿಕ್ ಡಬ್ಬಕ್ಕೆ ಸಿಮೆಂಟ್ ಹಿಡಿಯಲಿಲ್ಲ. ಮೊದಲ ಸಲ ಅಂಟಿಸಿದ ಕಲ್ಲೆಲ್ಲ ಬೆಳಿಗ್ಗೆ ನೆಲದ ಮೇಲಿದ್ದವು. ಹೆಂಡತಿ ಸೋಲಲಿಲ್ಲ. ಪಕ್ಕದ ಕಟ್ಟಡದ ಗಾರೆ ಮೇಸ್ತ್ರಿಯನ್ನು ಕೇಳಿ ಬಂದು, ಡಬ್ಬಕ್ಕೆ ಕೋಳಿಗೂಡಿನ ಜಾಲರಿ ಸುತ್ತಿಸಿದಳು. "ಇನ್ನೊಂದು ಬಾಣಲಿ ಕಲಸಿ" ಅನ್ನುತ್ತಲೇ ಶನಿವಾರ ಸಂಜೆಯೊಳಗೆ ಎಲ್ಲಕ್ಕೂ ಕಲ್ಲು ಮೆತ್ತಿದಳು. ಹಸಿ ಸಿಮೆಂಟು ಬುಡದಿಂದ ಸ್ವಲ್ಪ ನೆಲಕ್ಕೂ ಇಳಿಯಿತು. ಆಣೆ ಮಾಡಿ ಹೇಳುತ್ತೇನೆ, ಅದು ನನ್ನ ಕುಚೇಷ್ಟೆಯಲ್ಲ. ನಾನು ನೋಡಿದೆ, ಒರೆಸಲಿಲ್ಲ, ಅಷ್ಟೇ.

ಭಾನುವಾರ ಕಾರ್ಯದರ್ಶಿ ಇಬ್ಬರು ಸೆಕ್ಯುರಿಟಿಯವರೊಂದಿಗೆ ಬಂದರು. ಬಿಸಿಲಿಗೆ ಬೆಣಚುಕಲ್ಲು ಫಳಫಳ ಹೊಳೆಯುತ್ತಿತ್ತು. ಅವರು ಒಂದು ಕ್ಷಣ ಬಾಯಿ ತೆರೆದರು, ಆಮೇಲೆ ಹಟಕ್ಕೆ ಬಿದ್ದರು. "ಮೇಲೆ ಏನೇ ಅಂಟಿಸಿ, ಒಳಗಿರೋದು ಪೇಂಟ್ ಡಬ್ಬಾನೇ. ಎತ್ರಪ್ಪಾ!"

ಇಬ್ಬರೂ ಕರಿಬೇವಿನ ಕುಂಡಕ್ಕೆ ಕೈ ಹಾಕಿದರು. ಮುಖ ಕೆಂಪಾಯಿತೇ ಹೊರತು ಕುಂಡ ಅಲ್ಲಾಡಲಿಲ್ಲ.

"ಬೇರು ನೆಲಕ್ಕೆ ಇಳಿದಿರಬೇಕು ಸಾರ್" ಅಂದ ಒಬ್ಬ.

"ಮೂರನೇ ಮಹಡೀಲಾ? ಸರಿಯಯ್ಯಾ ಆ ಕಡೆ!" ಅಂತ ಕಾರ್ಯದರ್ಶಿಯೇ ಅಂಗಿಯ ತೋಳು ಮಡಚಿ, ಬಗ್ಗಿ, ಕುಂಡವನ್ನು ತಬ್ಬಿ ಎಳೆದರು. ಕಟಕ್ ಅಂತು. ಕುಂಡದ್ದಲ್ಲ, ಸೊಂಟದ ಸದ್ದು. ಬಗ್ಗಿದವರು ಬಗ್ಗಿದ ಹಾಗೇ ಕರಿಬೇವಿನೊಳಗೆ ಮುಖವಿಟ್ಟು ನಿಂತರು.

ಕೊಟ್ಟ ಮಾತಿನಂತೆ ಸರಿಯಾಗಿ ಹತ್ತು ಗಂಟೆಗೆ ನಮ್ಮ ಕಾರಿಡಾರಿನಿಂದ ಎತ್ತಿಸಲಾಯಿತು, ಕಾರ್ಯದರ್ಶಿಯವರನ್ನು. ಒಬ್ಬ ಕಾಲು ಹಿಡಿದ, ಒಬ್ಬ ತೋಳು.

ಹೆಂಡತಿ ಲಿಫ್ಟಿನ ತನಕ ಜೊತೆಗೇ ನಡೆದಳು. "ಹುಷಾರಪ್ಪಾ ಹುಷಾರು" ಅನ್ನುತ್ತಿದ್ದಳು. "ಕುಂಡಕ್ಕೆ ತಗಲಿಸ್ಬೇಡಿ!"