ರಾಣಿಯ ತಾಯಿ ಸಿನಿಮಾದಲ್ಲಿ ತೀರಿಕೊಂಡದ್ದು

ನಾವೆಲ್ಲ ಲೋಲೋ ಎಂದು ಕರೆಯುವ ನಮ್ಮ ರಾಣಿ ಅಕುಡೊ ಅವರ ತಾಯಿ ಬದುಕಿರುವಾಗಲೇ ದಿವಂಗತರಾದದ್ದು ಉಮುಎಜೆ ಊರಿನ ಏಳಿಗೆಗಾಗಿ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದು ಅರಮನೆಯ ಸಭಾಸದನಾದ ನಾನು ಮೊದಲೇ ಸ್ಪಷ್ಟಪಡಿಸುತ್ತೇನೆ.

ಊರ ಸಂಘ ಕೊಳವೆಬಾವಿಗೆಂದು ಕೂಡಿಸಿದ್ದ ನೈರಾ ಹಣವನ್ನು ಸಿನಿಮಾಕ್ಕೆ ತೊಡಗಿಸಲು ಸಭೆ ಒಪ್ಪಿತು. ನೀರು ಕುಡಿದವರು ಮರೆಯುತ್ತಾರೆ, ಸಿನಿಮಾ ನೋಡಿದವರು ಊರು ನೋಡಲು ಬರುತ್ತಾರೆ ಎಂದು ಅರಸರ ಪ್ರಧಾನಿಯಾದ ಒನೊವು ವಾದಿಸಿದರು. ಕತೆ ಬೇರೆಲ್ಲೂ ಹುಡುಕಬೇಕಿರಲಿಲ್ಲ. ನಮ್ಮ ಅರಸರಾದ ಇಗ್ವೆ ಇಫೆಡಿ ಅವರ ಪ್ರೇಮವೇ ಇತ್ತು. ಯುವರಾಜರಾಗಿದ್ದಾಗ ಅವರು ನ್ನೇವಿ ಪೇಟೆಯಲ್ಲಿ ಅಕುಡೊ ಮತ್ತು ಅವರ ತಾಯಿಯ ಬಿಡಿಭಾಗಗಳ ಅಂಗಡಿಗೆ ಕಾರಿನ ಬೆಲ್ಟ್ ಕೊಳ್ಳಲು ಹೋಗಿದ್ದರು. ಆಮೇಲೆ ವಾರ ವಾರವೂ ಬೆಲ್ಟ್ ಕೊಂಡರು. ಕೊನೆಗೆ ತಾಯಿಯೇ ಮಗಳಿಗೆ, ಕಾಯಿಲೆ ಕಾರಿಗಲ್ಲ, ಇವನಿಗೆ ಎಂದು ಹೇಳಿ ಮದುವೆಯ ಮಾತು ತೆಗೆದದ್ದು.

ಅಸಾಬಾದಿಂದ ಬಂದ ನಿರ್ದೇಶಕ ಚಿಡುಬೆಮ್ ಇದನ್ನೆಲ್ಲ ಗಮನವಿಟ್ಟು ಕೇಳಿ, ತನಗೆ ತೆಗೆಯಲು ಬರುತ್ತಿದ್ದ ಸಿನಿಮಾವನ್ನೇ ತೆಗೆದ. ಲಂಡನ್ನಿನಿಂದ ಮರಳಿದ ರಾಜಕುಮಾರ ಹೆಂಡ ಇಳಿಸುವವನ ವೇಷದಲ್ಲಿ ಹೊಳೆಗೆ ಹೋಗುತ್ತಾನೆ. ಅಲ್ಲಿ ಮುಂದೆ ರಾಣಿಯಾಗಲಿರುವ ಅನಾಥೆ ಕೊಡ ಒಡೆಯುತ್ತಾಳೆ. ಮಲತಾಯಿ ವಿಷ ಬೆರೆಸುತ್ತಾಳೆ.

ಊರ ಸಭಾಂಗಣದಲ್ಲಿ ತೋರಿಸಿದಾಗ ಮುದುಕಿಯರು ನಟರಿಗಿಂತ ಮೊದಲೇ ಮಾತು ಹೇಳಿ ಮುಗಿಸಿದರು. ಮಲತಾಯಿ ಬಟ್ಟಲಿನತ್ತ ಕೈಚಾಚುವ ಮೊದಲೇ ಅರ್ಧ ಜನ ಮನೆಗೆ ಹೋಗಿದ್ದರು. ಲೋಲೋ ಮಾತ್ರ ಕೊನೆಯವರೆಗೂ ಕೂತು, ನಿರ್ದೇಶಕನನ್ನು ಕರೆದರು.

"ನಮ್ಮವ್ವ ಎಲ್ಲಪ್ಪಾ ಇದ್ರಲ್ಲಿ?"

"ಅನಾಥೆಗೆ ತಾಯಿ ಇರಕ್ಕಾಗಲ್ಲ ಅಮ್ಮಾ. ಬೆಲ್ಟ್ ಮಾರೋ ರಾಣಿನ ಯಾರು ನಂಬ್ತಾರೆ? ಜನ ನೋಡಿರೋದನ್ನೇ ನಂಬೋದು."

ಮತ್ತೆ ಚಿತ್ರೀಕರಿಸಲು ಬೊಕ್ಕಸದಲ್ಲಿ ಏನೂ ಉಳಿದಿರಲಿಲ್ಲ. ಆದ್ದರಿಂದ ಸಭೆ ಸೇರಿ ನಿರ್ಣಯ ಕೈಗೊಂಡಿತು. ಡಂಗುರದವನು ಬೀದಿ ಬೀದಿಯಲ್ಲಿ ಸಾರಿದ: "ಚಿತ್ರದಲ್ಲಿ ತೋರಿಸಿರುವುದಕ್ಕೂ ನಡೆದಿರುವುದಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ಸಾರ್ವಜನಿಕರು ನಡೆದಿರುವುದನ್ನು ತಿದ್ದಿಕೊಳ್ಳತಕ್ಕದ್ದು."

ಲೋಲೋ ಗಂಡನ ಬಳಿ ಹೋಗಿ, ನೀವಾದರೂ ನಿಜ ಹೇಳಿ ಎಂದು ಕೇಳಿದರು. ಇಗ್ವೆ ಬೀಸಣಿಗೆ ಆಡಿಸಿಕೊಂಡರು.

"ಇತ್ತೀಚೆಗೆ ನಂಗೂ ಹೊಳೆನೇ ನೆನಪಾಗುತ್ತೆ ಕಣೇ," ಎಂದರು.

ಲೋಲೋ ಅಡುಗೆಮನೆಗೆ ಹೋಗಿ, ಯಾರೂ ಹೇಳದಿದ್ದರೂ, ರಾತ್ರಿಯೂಟದ ಸೊಪ್ಪನ್ನು ತಾವೇ ಕೂತು ಹೆಚ್ಚಿದರು.

ಹೊಸ ಗೆಣಸಿನ ಹಬ್ಬಕ್ಕೆ ಲೇಗೋಸಿನಿಂದ ಅತಿಥಿಗಳು ಬಂದರು. ಅದೇ ಹೊತ್ತಿಗೆ ನ್ನೇವಿಯಿಂದ, ತಲೆಯ ಮೇಲೆ ಗೆಣಸಿನ ಬುಟ್ಟಿ ಹೊತ್ತು, ಮಾಮಾ ಅಕುಡೊ, ಅಂದರೆ ಅಕುಡೊ ಅವರ ತಾಯಿ, ಕೂಡ ಬಂದರು. ಒನೊವು ಅವರನ್ನು ಬಾಗಿಲಲ್ಲೇ ತಡೆದು, ಅತ್ಯಂತ ಗೌರವದಿಂದ, ಅವರು ತೀರಿಕೊಂಡಿರುವ ವಿಷಯ ತಿಳಿಸಿದರು. ಮುದುಕಿ ಬುಟ್ಟಿ ಇಳಿಸಿ ಸೊಂಟ ಹಿಡಿದುಕೊಂಡು ಕೇಳಿಸಿಕೊಂಡರು.

"ಆಯ್ತಪ್ಪ, ಸತ್ತೋರಿಗೆ ಊಟ ಎಲ್ಲಿ ಹಾಕ್ತೀರಿ?"

ಲೋಲೋ ಎದ್ದು ಬಂದು, ತಾಯಿಯ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಯಾರಿವರೆಂದು ಅತಿಥಿಗಳು ಕೇಳಿದಾಗ ನಾವೆಲ್ಲ ಗೆಣಸು ತಿನ್ನುತ್ತಿದ್ದೆವು.

ಸತ್ತ ಹಿರಿಯರಿಗೆ ಹೆಂಡ ಎರೆಯುವ ಪೂಜೆಯ ಹೊತ್ತಾಯಿತು. ಇಗ್ವೆ ಕೊಂಬಿನ ಪಾತ್ರೆ ಎತ್ತಿ, ರಾಣಿಯನ್ನು ಅನಾಥೆಯಾಗಿಸಿ ಅಗಲಿದ ಪುಣ್ಯಾತ್ಮಳಿಗೆ ಎಂದು ತಾಳೆಹೆಂಡವನ್ನು ನೆಲಕ್ಕೆ ಹೊಯ್ಯತೊಡಗಿದರು. ಮಾಮಾ ಅಕುಡೊ ಬಾಗಿ, ಧಾರೆಯ ಕೆಳಗೆ ತಮ್ಮ ಲೋಟ ಹಿಡಿದರು. ತುಂಬಿದ ಮೇಲೆ ನಿಧಾನವಾಗಿ ಕುಡಿದರು.

ಮೃತರು ಸ್ವೀಕರಿಸಿದ್ದಾರೆಂದು ಒನೊವು ಘೋಷಿಸಿದರು. ನಾವೆಲ್ಲ ಎದ್ದು ನಿಂತು "ಇಸೆ," ಹಾಗೆಯೇ ಆಗಲಿ, ಎಂದೆವು.