ಮೂಗು ಸ್ವಸ್ಥಾನದಲ್ಲಿದ್ದರೂ ವಾಸನೆ ಬಾರದಿರುವ ಬಗ್ಗೆ

ಇಂದ,
ಹಾಲು ಮೂಸುವವನು,
ಕ್ಯಾನ್ ಇಳಿಸುವ ಕಟ್ಟೆ, ಹಾಲಿನ ಡೈರಿ.

ಗೆ,
ಮಾನ್ಯ ವ್ಯವಸ್ಥಾಪಕರು,
ಮೇಲಿನ ಮಹಡಿ, ಕಿಟಕಿ ಮುಚ್ಚಿದ ಕೋಣೆ.

ವಿಷಯ: ನನಗೆ ದಯಪಾಲಿಸಿದ ಪ್ರಶಂಸಾಪತ್ರವನ್ನು ಹಿಂದಿರುಗಿಸುವ ಕುರಿತು.

ಉಲ್ಲೇಖ: 1. ಸದರಿ ಪ್ರಶಂಸಾಪತ್ರ. 2. ನನ್ನ ಹಿಂದಿನ ಮೂರು ಅರ್ಜಿಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಕೆಟ್ಟ ಹಾಲನ್ನು ವಾಪಸು ಕಳಿಸುವುದು ಹತ್ತೊಂಬತ್ತು ವರ್ಷಗಳಿಂದ ನನ್ನ ಕೆಲಸ. ಸೈನಸ್ ಊದಿಕೊಂಡು ವರ್ಷಗಟ್ಟಲೆ ಕಾಡಿದ ಕಾರಣ, ಕಳೆದ ವರ್ಷ ವಾಸನೆ ಪೂರ್ತಿ ಹೋಯಿತು. ಬೇರೆ ಕೆಲಸ ಕೊಡಿ ಎಂದು ವೈದ್ಯರ ಚೀಟಿ ಇಟ್ಟು ಮೂರು ಸಲ ಬೇಡಿಕೊಂಡೆ. ಗುಮಾಸ್ತರು ನನ್ನ ಮುಖ ನೋಡಿ, "ಅರ್ಜಿದಾರರ ಮೂಗು ಸ್ವಸ್ಥಾನದಲ್ಲಿಯೇ ಇರುವುದು ಕಂಡುಬಂದಿದೆ" ಎಂದು ಷರಾ ಬರೆದು ಕಡತ ಮುಚ್ಚಿದರು.

2. ಆದ್ದರಿಂದ ಸದ್ಯ ಈ ಡೈರಿ, ಪಕ್ಕದಲ್ಲಿ ಕ್ಯಾನ್ ತೊಳೆಯುವ ಅಕ್ಕನ ಮೂಗಿನ ಮೇಲೆ ನಡೆಯುತ್ತಿದೆ. ಆಕೆ ಮುಖ ತಿರುಗಿಸಿದರೆ ಹಾಲು ಬೇಡ ಎನ್ನುತ್ತೇನೆ, ಸುಮ್ಮನಿದ್ದರೆ ಸರಿ ಎನ್ನುತ್ತೇನೆ. ಆಕೆಯನ್ನೇ ನೇಮಿಸಬಹುದಿತ್ತು, ಆದರೆ ಹುದ್ದೆಗೆ ಡಿಪ್ಲೊಮಾ ಬೇಕಂತೆ. ಡಿಪ್ಲೊಮಾಕ್ಕೆ ವಾಸನೆ ಗೊತ್ತಾಗುತ್ತದೆಯೇ ಎಂದು ಕೇಳುವ ಅಧಿಕಾರ ನನಗಿಲ್ಲ.

3. ಕಳೆದ ಸೋಮವಾರ ತಾವು ತಪಾಸಣೆಗೆಂದು ಬಂದು ನಮ್ಮಿಬ್ಬರ ನಡುವೆ ನಿಂತಿರಿ. ತಾವು ಧಾರಾಳವಾಗಿ ಪೂಸಿಕೊಂಡಿದ್ದ ಸೆಂಟು ತಡೆಯಲಾರದೆ ಅಕ್ಕ ಮುಖ ತಿರುಗಿಸಿ, ಕೆಮ್ಮುತ್ತ ನಲ್ಲಿಯ ಕಡೆ ಓಡಿದಳು. ಆದ ಕಾರಣ, ಆಗಷ್ಟೇ ಮುಚ್ಚಳ ತೆಗೆದಿದ್ದ ಅಜ್ಜಿಯೊಬ್ಬಳ ಒಳ್ಳೆಯ ಹಾಲನ್ನು ನಾನು ಬೇಡವೆಂದೆ. ಮೇಲಧಿಕಾರಿಯ ಎದುರಿಗೇ ಹಾಲು ತಿರಸ್ಕರಿಸಿದ ಧೈರ್ಯವನ್ನು ಮೆಚ್ಚಿ ತಾವು ನನ್ನ ಬೆನ್ನು ತಟ್ಟಿದಿರಿ. ಸಂಜೆಯೊಳಗೆ ಪ್ರಶಂಸಾಪತ್ರ ಬಂತು. ನನ್ನ ಮೂರು ಅರ್ಜಿಗಳಿಗೆ ಈ ವೇಗ ಇರಲಿಲ್ಲ.

4. ತಾವು ಮೇಲೆ ಹೋದ ನಂತರ ಅಜ್ಜಿ ತಾನೇ ಎರಡು ಸಲ ಹಾಲು ಮೂಸಿದಳು.

"ನನಗೇನೂ ಗೊತ್ತಾಗ್ತಿಲ್ಲಪ್ಪ. ವಯಸ್ಸಾಯ್ತು, ನನ್ನ ಮೂಗೇ ಕೆಟ್ಟಿರ್ಬೇಕು."

ಹೀಗೆಂದು ನನ್ನ ಕ್ಷಮೆ ಕೇಳಿ, ಹಾಲನ್ನು ಮೋರಿಗೆ ಸುರಿದಳು. ಅಕ್ಕ ತಿರುಗಿ ಬಂದು ಹಾಲು ಚೆನ್ನಾಗಿಯೇ ಇತ್ತು ಎನ್ನುವಷ್ಟರಲ್ಲಿ ಕ್ಯಾನ್ ಖಾಲಿ. ಅಜ್ಜಿ ಇನ್ನೂ ಗೇಟಿನವರೆಗೂ ಹೋಗಿರಲಿಲ್ಲ. ಕೂಗಿ ಕರೆಯಬಹುದಿತ್ತು, ನಾಚಿಕೆಯಿಂದ ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಆಕೆ ಹಾಲು ತಂದಿಲ್ಲ.

ಆದ್ದರಿಂದ, ಸದರಿ ಪ್ರಶಂಸಾಪತ್ರವನ್ನು ಹಿಂಪಡೆದು, ಅದೇ ಕಾಗದದ ಹಿಂಬದಿಯಲ್ಲಾದರೂ ಸರಿ, "ಅಜ್ಜಿಯ ಮೂಗು ಚೆನ್ನಾಗಿದೆ, ಕೆಟ್ಟಿರುವುದು ನಮ್ಮದು" ಎಂದು ಬರೆದು, ಮೊಹರು ಒತ್ತಿ, ಆಕೆಗೆ ತಲುಪಿಸಬೇಕಾಗಿ ಪ್ರಾರ್ಥನೆ.

ಮೂಗೊಂದನ್ನು ಬಿಟ್ಟು ಉಳಿದಂತೆ ತಮ್ಮ ವಿಶ್ವಾಸಿ,
ಹಾಲು ಮೂಸುವವನು

ಲಗತ್ತುಗಳು:
1. ಪ್ರಶಂಸಾಪತ್ರ, ಚೌಕಟ್ಟಿನ ಸಮೇತ.
2. ವೈದ್ಯರ ಚೀಟಿ, ನಾಲ್ಕನೆಯ ಪ್ರತಿ.

ವಿ.ಸೂ.: ಅಜ್ಜಿಗೆ ಓದು ಬಾರದು. ಪತ್ರ ಓದಿ ಹೇಳಿ ಬರಲು ನನಗೆ ಅರ್ಧ ದಿನ ರಜೆ ಮಂಜೂರು ಮಾಡಬೇಕು. ಓದಲು ಎರಡು ನಿಮಿಷ ಸಾಕು. ಉಳಿದ ಹೊತ್ತು ಆಕೆಯ ಬಾಗಿಲು ತಟ್ಟುವುದಕ್ಕೆ ಬೇಕಾಗುತ್ತದೆ.